ಸೀಟಿ ಹಿಡಿಯುವವರು ಯಾರು?

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟರೆ ರಾಜ್ಯದ ಗಡಿ ಬರುವ ಮೊದಲು ಸಿಗುವ ಊರು ನಮ್ಮ ಪುಣಜನೂರು. ಸುತ್ತ ಕಾಡು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು. ರಸ್ತೆಯಲ್ಲಿ ತಮಿಳುನಾಡಿಗೆ ಹೋಗುವ ಬರುವ ಲಾರಿಗಳ ಸದ್ದು. ಇಲ್ಲಿ ಮಕ್ಕಳ ಆಟ ಮುಗಿಯುವುದಕ್ಕೆ ಗಡಿಯಾರ ಬೇಕಿಲ್ಲ. ಹೊತ್ತು ಮುಳುಗುವ ಮೊದಲು ಎಲ್ಲರೂ ಮನೆ ಸೇರಬೇಕು. ಕತ್ತಲಾದ ಮೇಲೆ ಬಯಲು ಆನೆಗಳದ್ದು.

ಕಳೆದ ಬೇಸಗೆ ರಜೆಯಲ್ಲಿ ಒಂದು ಸಂಜೆ ಆಟ ಕತ್ತಲಾಗುವ ಮೊದಲೇ ನಿಂತುಹೋಯಿತು. ಆನೆ ಬಂದಿರಲಿಲ್ಲ. ಜಗಳ ಬಂದಿತ್ತು.

ಮಕ್ಕಳು ಹಾಕಿ ಆಡುತ್ತಿದ್ದರು. ನಿಜವಾದ ಹಾಕಿ ಕೋಲು ಇದ್ದದ್ದು ನಾಲ್ಕೇ. ಉಳಿದವು ತುದಿ ಬಾಗಿದ ಕೊಂಬೆಗಳು. ಗೋಲಿಗೆ ಎರಡು ಕಲ್ಲು, ಅದರ ಮುಂದೆ ಬೂದಿಯಲ್ಲಿ ಎಳೆದ ಅರ್ಧ ವೃತ್ತ. ಕಾಲು ಉಳುಕಿದ್ದ ಒಬ್ಬ ಹುಡುಗಿಗೆ ಸೀಟಿ ಕೊಟ್ಟು, 'ನೀನು ಅಂಪೈರ್' ಎಂದು ನಿಲ್ಲಿಸಿದ್ದರು. ಆಟ ಆಡಲು ಆಗದವರನ್ನು ತೀರ್ಪುಗಾರರನ್ನಾಗಿ ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿಯಲ್ಲವೇ?

ಒಬ್ಬ ಹುಡುಗ ವೃತ್ತದ ಹೊರಗಿನಿಂದಲೇ ಬಲವಾಗಿ ಹೊಡೆದ. ಚೆಂಡು ಎದುರು ತಂಡದವನ ಕೋಲಿಗೆ ತಗುಲಿ, ದಿಕ್ಕು ಬದಲಿಸಿ, ಎರಡು ಕಲ್ಲುಗಳ ನಡುವೆ ನುಗ್ಗಿತು. ಹುಡುಗಿ ಸೀಟಿ ಊದಿದಳು. 'ಗೋಲಲ್ಲ' ಎಂದಳು. ಹೊಡೆದ ತಂಡದವರು ಮುತ್ತಿಕೊಂಡರು. 'ಅವನ ಕೋಲಿಗೇ ತಗುಲೈತಲ್ಲ, ಯಾಕ್ ಗೋಲಲ್ಲ?' ಎಂದು ಕೂಗಿದರು. ಅವಳು ಹಿಂದೆ ಸರಿದು, 'ಸರಿ, ಗೋಲು' ಎಂದಳು. ಈಗ ಇನ್ನೊಂದು ತಂಡದವರು ಮುತ್ತಿಕೊಂಡರು. ಅವಳು ಸೀಟಿಯನ್ನು ನೆಲಕ್ಕೆ ಎಸೆದು ನನ್ನ ಪಕ್ಕಕ್ಕೆ ಬಂದು ಕುಳಿತಳು. ಕಣ್ಣಲ್ಲಿ ನೀರಿತ್ತು.

'ಇನ್ ಮ್ಯಾಲ ನಾನ್ ನಿಂತ್ಕಳಲ್ಲ ತಾತ' ಎಂದಳು.

ಆ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು. ಆಟಗಾರ ಗೋಲು ತಪ್ಪಿಸಿದರೆ 'ಪರವಾಗಿಲ್ಲ, ಮುಂದಿನ ಸಲ ಹೊಡಿ' ಎನ್ನುತ್ತೇವೆ. ತೀರ್ಪುಗಾರರಿಗೆ ಹಾಗೆ ಹೇಳಿದವರು ಯಾರು?

ಅವಳು ಹೇಳಿದ್ದೇ ಸರಿ

ಮಾರನೆಯ ದಿನ ಹಾಕಿಯ ನಿಯಮಗಳನ್ನು ತೆಗೆದು ಓದಿದೆ. ಚೆಂಡು ಗೋಲಿನ ಗೆರೆಯನ್ನು ಪೂರ್ತಿಯಾಗಿ ದಾಟಿದರೆ ಸಾಲದು. ದಾಳಿ ಮಾಡುವ ತಂಡದವರು ಅದನ್ನು ವೃತ್ತದ ಒಳಗೆ ಆಡಿರಬೇಕು. ಹೊರಗಿನಿಂದ ಹೊಡೆದ ಚೆಂಡು ಕಾಯುವವನ ಕೋಲಿಗೆ ತಗುಲಿ ಒಳಗೆ ಹೋದರೂ ಅದು ಗೋಲಲ್ಲ.

ಅಂದರೆ ಅವಳ ಮೊದಲ ತೀರ್ಪೇ ಸರಿಯಾಗಿತ್ತು! ಅವಳಿಗೆ ನಿಯಮ ಗೊತ್ತಿತ್ತು. ಹತ್ತು ಜನ ಒಟ್ಟಿಗೆ ಕೂಗುವಾಗ ಗೊತ್ತಿರುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಗೊತ್ತಿರಲಿಲ್ಲ, ಅಷ್ಟೇ. ನಿಯಮವನ್ನು ಪುಸ್ತಕದಿಂದ ಕಲಿಯಬಹುದು. ಗಟ್ಟಿಯಾಗಿ ನಿಲ್ಲುವುದನ್ನು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು. ಹಾಕಿ ತೀರ್ಪುಗಾರರನ್ನು ಹಾಗೆ ಹುಡುಕಿ, ನೇಮಿಸಿ, ಬೆಳೆಸುವ ಬಗೆ ಹೇಗೆ ಎಂದು ತಿಳಿಯಲು ನನಗೆ ನೆನಪಾದದ್ದು ಕೊಡಗು. ನಮ್ಮ ರಾಜ್ಯದಲ್ಲಿ ಊರಿಗೆ ಊರೇ ಹಾಕಿ ಆಡುವ ಜಿಲ್ಲೆ ಅದು.

ಕೊಡಗಿನ ಒಂದು ಲೆಕ್ಕ

ಕೊಡವರಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಹೆಸರು. ಅದನ್ನು ಅವರು 'ಒಕ್ಕ' ಎನ್ನುತ್ತಾರೆ. 1997ರಲ್ಲಿ ಕರಡ ಎಂಬ ಊರಿನಲ್ಲಿ ಈ ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿ ಶುರುವಾಯಿತು. ಬೇರೆ ಬೇರೆ ಊರುಗಳಲ್ಲಿ ಚದುರಿಹೋಗಿದ್ದ ಕುಟುಂಬಗಳು ಒಂದೆಡೆ ಸೇರಲಿ ಎಂಬುದು ಉದ್ದೇಶ. ಮೊದಲ ವರ್ಷ 60 ಕುಟುಂಬಗಳು ಆಡಿದವು. ಅಪ್ಪ, ಮಗಳು, ಸೊಸೆ, ಚಿಕ್ಕಪ್ಪ ಎಲ್ಲರೂ ಒಂದೇ ತಂಡದಲ್ಲಿ ಆಡಬಹುದಾದ ಪಂದ್ಯಾವಳಿ ಇದು. ಹೆಣ್ಣು ಗಂಡು ಎಂಬ ಭೇದವಿಲ್ಲ. ಪ್ರತಿ ವರ್ಷ ಒಂದೊಂದು ಕುಟುಂಬ ಇದನ್ನು ನಡೆಸುತ್ತದೆ. ಕಪ್‌ಗೆ ಆ ಕುಟುಂಬದ್ದೇ ಹೆಸರು.

ಇದನ್ನು ಕಲ್ಪಿಸಿದವರು ಪಾಂಡಂಡ ಕುಟ್ಟಪ್ಪ. ಅವರು ಹಾಕಿ ಆಟಗಾರರಾಗಿದ್ದವರು. ಜೊತೆಗೆ ಹಾಕಿ ತೀರ್ಪುಗಾರರೂ ಆಗಿದ್ದರು! ಲೋಕಕ್ಕೇ ಗೊತ್ತಾದ ಇಂಥ ಹಬ್ಬ ಹುಟ್ಟಿದ್ದು ಸೀಟಿ ಊದುತ್ತಿದ್ದ ಒಬ್ಬರ ತಲೆಯಲ್ಲಿ. ಮೈದಾನದ ನಡುವೆ ನಿಂತು ಎರಡೂ ತಂಡಗಳನ್ನು ಸಮನಾಗಿ ನೋಡಿದವರಿಗೆ ಇಂಥ ಯೋಚನೆ ಬಂದದ್ದು ಸಹಜವೇ ಇರಬೇಕು.

2018ರ ಬಳಿಕ ಮಳೆ ಮತ್ತು ಭೂಕುಸಿತ, ಆಮೇಲೆ ಕೊರೊನಾ ಬಂದು ನಾಲ್ಕು ವರ್ಷ ಹಬ್ಬ ನಡೆಯಲಿಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಯಿತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ 396 ತಂಡಗಳು.

ಈಗ ಮಕ್ಕಳಿಗೊಂದು ಲೆಕ್ಕ. ಸೋತ ತಂಡ ಹೊರಗೆ, ಗೆದ್ದ ತಂಡ ಮುಂದಕ್ಕೆ ಎಂಬ ಪದ್ಧತಿಯಲ್ಲಿ 396 ತಂಡಗಳು ಆಡಿದರೆ ಒಟ್ಟು ಎಷ್ಟು ಪಂದ್ಯ? ಪೆನ್ನು ಹಾಳೆ ಬೇಡ. ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುತ್ತದೆ. ಕೊನೆಗೆ ಉಳಿಯಬೇಕಾದದ್ದು ಒಂದೇ ತಂಡ. ಹಾಗಾದರೆ ಹೊರಗೆ ಹೋಗಬೇಕಾದವು 395. ಪಂದ್ಯಗಳೂ 395.

ಹಾಕಿಯ ಪ್ರತಿ ಪಂದ್ಯಕ್ಕೆ ಇಬ್ಬರು ತೀರ್ಪುಗಾರರು ಬೇಕು. ಅಂದರೆ 790 ಸಲ ಒಬ್ಬರು ಸೀಟಿ ಹಿಡಿದು ಬಿಸಿಲಿಗೆ ಇಳಿಯಬೇಕು. ಇಪ್ಪತ್ತು ಜನ ಸಮನಾಗಿ ಹಂಚಿಕೊಂಡರೂ ಒಬ್ಬೊಬ್ಬರ ಪಾಲಿಗೆ 39 ಅಥವಾ 40 ಪಂದ್ಯ. ಯಾವುದಾದರೂ ತಂಡ ಬಾರದೆ ಹೋದರೆ ಲೆಕ್ಕ ಸ್ವಲ್ಪ ಇಳಿಯಬಹುದು. ಆದರೂ ಗೋಲು ಹೊಡೆಯುವವರಷ್ಟೇ ಸೀಟಿ ಹಿಡಿಯುವವರೂ ಇಲ್ಲದೆ ಈ ಹಬ್ಬ ಒಂದು ದಿನವೂ ನಡೆಯದು.

ಕೊಡಗಿನ ಆಟಗಾರರ ಹೆಸರು ನಮಗೆ ಗೊತ್ತು. ಎಂ.ಪಿ. ಗಣೇಶ್, 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಇತ್ತೀಚಿನ ಎಸ್.ವಿ. ಸುನಿಲ್. ಅವರು ಹುಡುಗರಾಗಿದ್ದಾಗ ಊರಿನ ಬಯಲಿನಲ್ಲಿ ಆಡಿದ ಪಂದ್ಯಗಳಿಗೂ ಯಾರೋ ಸೀಟಿ ಊದಿದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಇಬ್ಬರಿಗೆ ಒಂದು ಮೈದಾನ

ಹಾಕಿ ಹುಟ್ಟಿದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತೀರ್ಪುಗಾರರ ಕೆಲಸ ಬೇರೆಯೇ ಆಗಿತ್ತು. ಆಟಗಾರರು ಬಂದು ಕೇಳಿದರೆ ಮಾತ್ರ ತೀರ್ಪು. ಕೇಳದಿದ್ದರೆ ಸುಮ್ಮನಿರಬೇಕು. ಊರಿನ ಪಂಚಾಯ್ತಿಗೆ ದೂರು ಕೊಟ್ಟರೆ ಮಾತ್ರ ಪಂಚರು ಮಾತಾಡುವ ಹಾಗೆ. ಆಟ ವೇಗವಾದಂತೆ ಅದು ನಡೆಯದಾಯಿತು. ಈಗ ತೀರ್ಪುಗಾರರೇ ನೋಡಿ, ತಾವೇ ಸೀಟಿ ಊದುತ್ತಾರೆ.

ಮೈದಾನದ ಉದ್ದ 91.40 ಮೀಟರ್, ಅಗಲ 55 ಮೀಟರ್. ಒಬ್ಬರಿಂದ ಇಷ್ಟನ್ನೂ ನೋಡಲಾಗದು. ಆದ್ದರಿಂದ ಇಬ್ಬರೂ ಮುಖ್ಯವಾಗಿ ಅರ್ಧರ್ಧ ಮೈದಾನ ನೋಡಿಕೊಳ್ಳುತ್ತಾರೆ. ಅವರವರ ಅರ್ಧದ ಗೋಲು, ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್, ವೃತ್ತದೊಳಗಿನ ಫ್ರೀ ಹಿಟ್ ಅವರವರ ಹೊಣೆ. ಹಾಗೆಂದು ಇನ್ನೊಬ್ಬರು ಕೈಕಟ್ಟಿ ನಿಲ್ಲುವಂತಿಲ್ಲ. ಜೊತೆಗಾರರ ಕಣ್ಣಿಗೆ ಆಟಗಾರರು ಅಡ್ಡ ಬಂದಾಗ, ಅವರು ತಿರುಗಿ ನೋಡಿದರೆ ಇವರು ನೆರವಾಗಬೇಕು. ಅದಕ್ಕೇ ಒಳ್ಳೆಯ ತೀರ್ಪುಗಾರರು ಆಟ ನಡೆಯುವಾಗಲೂ ಆಗಾಗ ಪರಸ್ಪರ ಮುಖ ನೋಡಿಕೊಳ್ಳುತ್ತಿರುತ್ತಾರೆ.

ತಪ್ಪು ಮಾಡಿದವರಿಗೆ ಮೂರು ಬಣ್ಣದ ಕಾರ್ಡ್‌ಗಳಿವೆ. ಹಸಿರು ತೋರಿಸಿದರೆ ಆಟಗಾರ 2 ನಿಮಿಷ ಹೊರಗೆ. ಹಳದಿಯಾದರೆ ಕಡಿಮೆಯೆಂದರೂ 5 ನಿಮಿಷ. ಕೆಂಪು ಬಂದರೆ ಆ ಪಂದ್ಯ ಅವರ ಪಾಲಿಗೆ ಮುಗಿಯಿತು. ಆದರೆ ಕಾರ್ಡ್‌ಗೆ ಮೊದಲು ಸೀಟಿಯೇ ಮಾತಾಡುತ್ತದೆ. ಸಣ್ಣ ತಪ್ಪಿಗೆ ಸಣ್ಣ ಊದು, ಅಪಾಯದ ಆಟಕ್ಕೆ ಉದ್ದನೆಯ ಜೋರು ಊದು. ಅನುಭವಿ ತೀರ್ಪುಗಾರರ ಸೀಟಿ ಕೇಳಿದರೆ ಸಾಕು, ಏನಾಗಿದೆ ಎಂದು ಆಟಗಾರರಿಗೆ ಅರ್ಧ ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ಕಷ್ಟದ ಪಾಠವೊಂದಿದೆ. ಸೀಟಿ ಊದದಿರುವುದು! ಒಬ್ಬ ಆಟಗಾರ್ತಿ ಚೆಂಡು ತೆಗೆದುಕೊಂಡು ಗೋಲಿನತ್ತ ಓಡುತ್ತಿದ್ದಾಳೆ. ಎದುರಾಳಿ ಕೋಲು ಅಡ್ಡ ಹಾಕಿ ತಪ್ಪು ಮಾಡುತ್ತಾನೆ. ಆದರೂ ಅವಳು ಬೀಳದೆ ಚೆಂಡು ಬಿಡದೆ ಮುಂದೆ ನುಗ್ಗುತ್ತಾಳೆ. ಆಗ ಸೀಟಿ ಊದಿದರೆ ಲಾಭವಾಗುವುದು ತಪ್ಪು ಮಾಡಿದವನಿಗೇ. ಆದ್ದರಿಂದ ಆಟವನ್ನು ಮುಂದುವರಿಯಲು ಬಿಡಬೇಕು. ಇದಕ್ಕೆ 'ಅಡ್ವಾಂಟೇಜ್' ಎನ್ನುತ್ತಾರೆ. ಊದಬೇಕೋ ಬೇಡವೋ ಎಂದು ತೀರ್ಮಾನಿಸಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಯಾರನ್ನು ಎಲ್ಲಿ ನಿಲ್ಲಿಸುವುದು?

ದೊಡ್ಡ ಪಂದ್ಯಾವಳಿಗಳಲ್ಲಿ ಇದಕ್ಕೆಂದೇ ಒಬ್ಬರಿರುತ್ತಾರೆ. ಅವರಿಗೆ 'ಅಂಪೈರ್ ಮ್ಯಾನೇಜರ್' ಎಂದು ಹೆಸರು. ಯಾವ ಪಂದ್ಯಕ್ಕೆ ಯಾವ ಇಬ್ಬರು ಎಂದು ಬರೆಯುವುದು ಅವರ ಕೆಲಸ. ಊರಿನ ಲೀಗುಗಳಲ್ಲಿ ಈ ಕೆಲಸ ಬೀಳುವುದು ದೈಹಿಕ ಶಿಕ್ಷಕರ ಮೇಲೋ ಹಳೆಯ ಆಟಗಾರರ ಮೇಲೋ. ಹೊರಗಿನಿಂದ ನೋಡಿದರೆ ಹೆಸರು ಬರೆಯುವುದೇನು ಮಹಾ ಎನಿಸುತ್ತದೆ. ಆದರೆ ಅದು ಮದುವೆ ಮನೆಯಲ್ಲಿ ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು ಎಂಬಷ್ಟೇ ನಾಜೂಕಿನ ಕೆಲಸ.

ಮೊದಲನೆಯದು, ತನ್ನವರ ಪಂದ್ಯಕ್ಕೆ ತಾನು ನಿಲ್ಲಬಾರದು. ಮನೆತನಗಳೇ ಆಡುವ ಪಂದ್ಯಾವಳಿಯಲ್ಲಿ ಇದು ಸುಲಭವಲ್ಲ. ಅದೇ ಸೀಮೆಯ ತೀರ್ಪುಗಾರರಿಗೆ ಒಂದಲ್ಲ ಒಂದು ತಂಡದಲ್ಲಿ ಅತ್ತೆಯ ಮಗನೋ ಭಾವನೋ ಸಿಕ್ಕೇ ಸಿಗುತ್ತಾರೆ. ತೀರ್ಪು ನ್ಯಾಯವಾಗಿದ್ದರೆ ಸಾಲದು, ನ್ಯಾಯವೆಂದು ನೋಡುವವರಿಗೂ ಕಾಣಬೇಕು. ಆದ್ದರಿಂದ ನೇಮಿಸುವವರಿಗೆ ತೀರ್ಪುಗಾರರ ನೆಂಟಸ್ತಿಕೆಯೂ ಗೊತ್ತಿರಬೇಕು.

ಎರಡನೆಯದು, ಹೊಸಬರನ್ನು ಹೊಸಬರ ಜೊತೆ ಹಾಕಬಾರದು. ಉಳುಮೆ ಕಲಿಸುವಾಗ ಹೊಸ ಎತ್ತನ್ನು ಹಳೆಯ ಎತ್ತಿನ ಜೊತೆ ಕಟ್ಟುತ್ತಿದ್ದರಲ್ಲ, ಹಾಗೆಯೇ ಇದೂ. ಹೊಸಬರ ಜೊತೆಗೆ ನೂರಾರು ಪಂದ್ಯ ನೋಡಿದವರಿದ್ದರೆ, ಕೂಗಾಟ ಶುರುವಾದಾಗ ಹೊಸಬರು ತಿರುಗಿ ನೋಡಲು ಒಂದು ಮುಖವಾದರೂ ಇರುತ್ತದೆ.

ಮೂರನೆಯದು, ಪಂದ್ಯದ ಬಿಸಿಗೆ ತಕ್ಕವರು. ಹೋದ ವರ್ಷ ಜಗಳವಾಡಿಕೊಂಡ ಎರಡು ತಂಡಗಳ ಪಂದ್ಯಕ್ಕೆ ಮೊದಲ ಸಲ ಸೀಟಿ ಹಿಡಿಯುವವರನ್ನು ಕಳುಹಿಸಿದರೆ ಅವರು ಎರಡನೆಯ ಸಲ ಬರುವುದಿಲ್ಲ. ಹಾಗೆಂದು ಯಾವಾಗಲೂ ಸುಲಭದ ಪಂದ್ಯವನ್ನೇ ಕೊಟ್ಟರೆ ಅವರು ಬೆಳೆಯುವುದೂ ಇಲ್ಲ. ಇವತ್ತಿನ ಶಕ್ತಿಗಿಂತ ಒಂದು ಮೆಟ್ಟಿಲು ಮೇಲಿನ ಪಂದ್ಯ ಕೊಡಬೇಕು, ಮೂರು ಮೆಟ್ಟಿಲಿನದ್ದಲ್ಲ.

ನಾಲ್ಕನೆಯದು, ವಿಶ್ರಾಂತಿ. ತೀರ್ಪುಗಾರರೂ ಆಟಗಾರರ ಹಾಗೆ ಓಡುತ್ತಾರೆ. ಆಟಗಾರರಿಗಾದರೆ ಬದಲಿಗೆ ಬೇರೆಯವರು ಬರುತ್ತಾರೆ, ತೀರ್ಪುಗಾರರಿಗೆ ಬದಲಿಯಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಒಂದರ ಹಿಂದೆ ಒಂದು ಪಂದ್ಯ ಹೇರಿದರೆ ಕಾಲು ಹಿಂದೆ ಬೀಳುತ್ತದೆ. ಕಾಲು ಹಿಂದೆ ಬಿದ್ದರೆ ಕಣ್ಣಿಗೆ ದೂರವಾಗುತ್ತದೆ, ಕಣ್ಣಿಗೆ ದೂರವಾದರೆ ತೀರ್ಪು ತಪ್ಪುತ್ತದೆ. ಎಷ್ಟೋ ತಪ್ಪು ತೀರ್ಪುಗಳಿಗೆ ಕಾರಣ ನಿಯಮ ಗೊತ್ತಿಲ್ಲದಿರುವುದಲ್ಲ, ನಿಂತ ಜಾಗ ಸರಿಯಿಲ್ಲದಿರುವುದು.

ಆಟ ಮುಗಿದ ಮೇಲಿನ ಹತ್ತು ನಿಮಿಷ

ನೇಮಿಸುವುದು ಅರ್ಧ ಕೆಲಸ. ಉಳಿದರ್ಧ ಪಂದ್ಯ ಮುಗಿದ ಮೇಲೆ ನಡೆಯುತ್ತದೆ. ಒಳ್ಳೆಯ ಲೀಗುಗಳಲ್ಲಿ ಹಿರಿಯ ತೀರ್ಪುಗಾರರೊಬ್ಬರು ಗೆರೆಯ ಹೊರಗೆ ಕುಳಿತು, ಚೆಂಡನ್ನಲ್ಲ, ಹೊಸ ತೀರ್ಪುಗಾರರನ್ನೇ ನೋಡುತ್ತಿರುತ್ತಾರೆ. ಎಲ್ಲಿ ನಿಂತರು, ಯಾವಾಗ ಊದಿದರು, ಕೈ ಸರಿಯಾಗಿ ತೋರಿಸಿದರೇ ಎಂದು ಗುರುತು ಹಾಕಿಕೊಳ್ಳುತ್ತಾರೆ. ಪಂದ್ಯ ಮುಗಿದು, ನೀರು ಕುಡಿದು, ಉಸಿರು ಇಳಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಾರೆ.

ಆ ಮಾತಿಗೂ ಒಂದು ರೀತಿಯಿದೆ. 'ಅಲ್ಲಿ ತಪ್ಪು ಮಾಡಿದೆ' ಎಂದು ಶುರು ಮಾಡುವುದಿಲ್ಲ. 'ಆ ಪೆನಾಲ್ಟಿ ಕಾರ್ನರ್ ಕೊಟ್ಟಾಗ ನಿನಗೆ ಏನು ಕಾಣಿಸಿತು?' ಎಂದು ಕೇಳುತ್ತಾರೆ. 'ಕಾಲಿಗೆ ತಗುಲಿದ ಹಾಗೆ ಕಂಡಿತು.' 'ನೀನು ಎಲ್ಲಿ ನಿಂತಿದ್ದೆ?' 'ದೂರದಲ್ಲಿ.' 'ಎಲ್ಲಿ ನಿಂತಿದ್ದರೆ ಚೆನ್ನಾಗಿ ಕಾಣುತ್ತಿತ್ತು?' ಅಷ್ಟು ಕೇಳಿದರೆ ಹೊಸಬರಿಗೆ ಉತ್ತರ ತಾವಾಗಿಯೇ ಹೊಳೆಯುತ್ತದೆ. ಒಂದು ದಿನಕ್ಕೆ ಒಂದೋ ಎರಡೋ ಮಾತು ಸಾಕು. ಇಪ್ಪತ್ತು ತಪ್ಪುಗಳ ಪಟ್ಟಿ ಕೊಟ್ಟರೆ ಮನೆಗೆ ಹೋಗುವಷ್ಟರಲ್ಲಿ ಇಪ್ಪತ್ತೂ ಮರೆತಿರುತ್ತವೆ, ನೋವು ಮಾತ್ರ ಉಳಿದಿರುತ್ತದೆ.

ಹೀಗೆ ಶಾಲೆಯ ಪಂದ್ಯದಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರಮಟ್ಟ ಎಂದು ಮೆಟ್ಟಿಲು ಹತ್ತುತ್ತಾರೆ. ನಡುನಡುವೆ ತರಬೇತಿ ಶಿಬಿರಗಳು, ಪರೀಕ್ಷೆಗಳು, ಓಟದ ಪರೀಕ್ಷೆಗಳು. 2020ರಲ್ಲಿ ಕೊರೊನಾದಿಂದ ಮೈದಾನಗಳಿಗೆ ಬೀಗ ಬಿದ್ದಾಗಲೂ ಹಾಕಿ ಇಂಡಿಯಾ ಸಂಸ್ಥೆ ತೀರ್ಪುಗಾರರಿಗಾಗಿ ಆನ್‌ಲೈನ್ ತರಗತಿಗಳನ್ನು ನಡೆಸಿತು. ಚೆಂಡು ಉರುಳದಿದ್ದರೂ ಪಾಠ ನಿಲ್ಲಲಿಲ್ಲ.

ನಮ್ಮ ರಾಜ್ಯದ ಇಬ್ಬರು

ಈ ಮೆಟ್ಟಿಲು ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿದರೆ ಎರಡು ಹೆಸರು ಹೇಳುತ್ತೇನೆ.

ಒಬ್ಬರು ಬೆಂಗಳೂರಿನ ಆರ್.ವಿ. ರಘುಪ್ರಸಾದ್. 2012ರ ಲಂಡನ್, 2016ರ ರಿಯೊ, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಹಾಕಿ ಪಂದ್ಯಗಳಿಗೆ ಸೀಟಿ ಹಿಡಿದವರು. ಒಲಿಂಪಿಕ್ಸ್‌ಗೆ ಹೋಗಲು ಆಟಗಾರರೇ ಆಗಬೇಕೆಂದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಇನ್ನೊಬ್ಬರು ಕೊಡಗಿನ ಪುಚ್ಚಿಮಂಡ ಅನುಪಮಾ. ಕೊಡಗಿನಿಂದ ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದ ಮೊದಲ ಮಹಿಳಾ ಹಾಕಿ ತೀರ್ಪುಗಾರ್ತಿ. 2005ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ನಡೆದ ಜೂನಿಯರ್ ಮಹಿಳಾ ವಿಶ್ವಕಪ್‌ನಲ್ಲಿ ಅವರು ತೀರ್ಪುಗಾರ್ತಿಯಾಗಿದ್ದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು. 90ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರ ಸೀಟಿ ಕೇಳಿಸಿತು. 2021ರ ಏಪ್ರಿಲ್‌ನಲ್ಲಿ ಕೊರೊನಾ ಅವರನ್ನು ನಮ್ಮಿಂದ ಕಿತ್ತುಕೊಂಡಿತು. ಇನ್ನೂ ಎಷ್ಟೋ ಹುಡುಗಿಯರ ಕೈಗೆ ಸೀಟಿ ಕೊಟ್ಟು ಕಲಿಸಬೇಕಾದ ವಯಸ್ಸು ಅದು.

ದೊಡ್ಡ ಪಂದ್ಯಗಳಲ್ಲಿ ಈಗ ವಿಡಿಯೊ ನೆರವೂ ಇದೆ. ಸಂಶಯವಿದ್ದರೆ ಮತ್ತೆ ತಿರುಗಿಸಿ ನೋಡಿ ಹೇಳುವ ಇನ್ನೊಬ್ಬ ತೀರ್ಪುಗಾರರು ಇರುತ್ತಾರೆ. ಲೋಕದ ಅತ್ಯುತ್ತಮ ತೀರ್ಪುಗಾರರಿಗೂ ಕಣ್ಣು ತಪ್ಪುತ್ತದೆ ಎಂದು ಆಟವೇ ಒಪ್ಪಿಕೊಂಡಿದೆ ಎಂದಾಯಿತು. ಹಾಗಿರುವಾಗ ಕೊಂಬೆ ಕೋಲು, ಬೂದಿ ಗೆರೆಯ ಆಟದಲ್ಲಿ ಹನ್ನೊಂದು ವರ್ಷದ ಹುಡುಗಿ ಒಂದು ಸಲ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಗೆರೆಯ ಹೊರಗೆ ನಿಂತವರು

ಇನ್ನು ಅಜ್ಜ ಅಜ್ಜಿಯರಿಗೆ ಒಂದು ಮಾತು. ನನಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೊಮ್ಮಕ್ಕಳ ಆಟ ನೋಡಲು ಹೋಗಿ ಗೆರೆಯ ಹೊರಗೆ ನಿಂತು ಕೂಗುವವರಲ್ಲಿ ನಾವೇ ಮುಂದು. 'ಏಯ್, ಕಣ್ಣು ಕಾಣಲ್ವಾ?' ಎಂದು ನಾವು ಕೂಗಿದ್ದನ್ನು ಮಕ್ಕಳು ಕಲಿಯುತ್ತಾರೆ. ಆ ಸಂಜೆ ನಾನೂ ಸುಮ್ಮನಿರಲಿಲ್ಲ. ನನ್ನ ಮೊಮ್ಮಗ ಗೋಲು ಎಂದಾಗ ನಾನೂ ಗೋಲು ಎಂದೆ. ನನಗೆ ನಿಯಮ ಗೊತ್ತಿರಲಿಲ್ಲ. ಹುಡುಗಿಗೆ ಗೊತ್ತಿತ್ತು. ಅವಳು ಹಿಂದೆ ಸರಿದದ್ದರಲ್ಲಿ ನನ್ನ ಗಂಟಲಿನ ಪಾಲೂ ಇದೆ.

ಸೀಟಿ ಹಿಡಿದ ಮಗು ಎಲ್ಲರಿಗಿಂತ ಒಂಟಿ. ಹನ್ನೊಂದು ಆಟಗಾರರಿಗೆ ಹನ್ನೊಂದು ಜನ ಜೊತೆ. ಈ ಮಗುವಿಗೆ ಆ ಕಡೆಯವರೂ ಇಲ್ಲ, ಈ ಕಡೆಯವರೂ ಇಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೂ ಆಟದ ನಡುವೆ ಸುಮ್ಮನಿದ್ದು, ಮುಗಿದ ಮೇಲೆ 'ಚೆನ್ನಾಗಿ ನೋಡಿಕೊಂಡೆ ಮೊಗ' ಎಂದು ಒಂದು ಲೋಟ ನೀರು ಕೊಟ್ಟರೆ ಅದಕ್ಕಿಂತ ದೊಡ್ಡ ತರಬೇತಿ ಶಿಬಿರ ಇನ್ನೊಂದಿಲ್ಲ.

ನಿಮ್ಮ ಶಾಲೆಯಲ್ಲಿ ಮಾಡಿ ನೋಡಿ

ಮಕ್ಕಳೇ, ನಿಮ್ಮ ಶಾಲೆಯಲ್ಲೂ ಒಂದು ತೀರ್ಪುಗಾರರ ಪಟ್ಟಿ ಮಾಡಬಹುದು. ಆಡಲು ಬಾರದವರನ್ನು ಹುಡುಕಬೇಡಿ. ಎಲ್ಲರೂ ಸರದಿಯಲ್ಲಿ ಒಂದು ದಿನ ಸೀಟಿ ಹಿಡಿಯಲಿ. ಒಂದು ಪಂದ್ಯಕ್ಕೆ ದೊಡ್ಡ ತರಗತಿಯವರೊಬ್ಬರು, ಸಣ್ಣ ತರಗತಿಯವರೊಬ್ಬರು ನಿಲ್ಲಲಿ. ಪ್ರತಿ ತಂಡದ ನಾಯಕ ಮಾತ್ರ ತೀರ್ಪುಗಾರರ ಬಳಿ ಹೋಗಿ ವಿನಯದಿಂದ ಕೇಳಬಹುದು, ಉಳಿದವರು ಹೋಗಬಾರದು ಎಂದು ನೀವೇ ಒಂದು ನಿಯಮ ಮಾಡಿಕೊಳ್ಳಿ. ಆಟ ಮುಗಿದ ಮೇಲೆ ಎರಡೂ ತಂಡದವರು ತೀರ್ಪುಗಾರರ ಕೈಕುಲುಕಿಯೇ ಮನೆಗೆ ಹೋಗಬೇಕು.

ಕನ್ನಡಿಯ ಮುಂದೆ ನಿಂತು ಈ ಕೈಸನ್ನೆಗಳನ್ನು ಅಭ್ಯಾಸ ಮಾಡಿ:

ಗೋಲು: ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿ ಮೈದಾನದ ನಡುವಿನ ಕಡೆ ತೋರಿಸಿ.

ಪೆನಾಲ್ಟಿ ಕಾರ್ನರ್: ಎರಡೂ ಕೈಗಳನ್ನು ಚಾಚಿ ಗೋಲಿನ ಕಡೆ ತೋರಿಸಿ. ಆಗ ಗೋಲಿಯೂ ಸೇರಿ ಕಾಯುವ ತಂಡದ 5 ಜನ ಮಾತ್ರ ಹಿಂದಿನ ಗೆರೆಯ ಆಚೆ ನಿಲ್ಲಬಹುದು.

ಪೆನಾಲ್ಟಿ ಸ್ಟ್ರೋಕ್: ಒಂದು ಕೈ ಗೋಲಿನಿಂದ 6.40 ಮೀಟರ್ ದೂರದಲ್ಲಿರುವ ಗುರುತಿನ ಕಡೆ, ಇನ್ನೊಂದು ಕೈ ನೇರ ಆಕಾಶಕ್ಕೆ.

ಫ್ರೀ ಹಿಟ್: ಯಾವ ತಂಡಕ್ಕೆ ಸಿಕ್ಕಿತೋ ಆ ತಂಡ ಆಡುವ ದಿಕ್ಕಿಗೆ ಒಂದು ಕೈ ಚಾಚಿ. ಎದುರಾಳಿಗಳು 5 ಮೀಟರ್ ದೂರ ನಿಲ್ಲಬೇಕು.

ಸಮಯ ನಿಲ್ಲಿಸಲು: ಜೊತೆಯ ತೀರ್ಪುಗಾರರ ಕಡೆ ತಿರುಗಿ, ಎರಡೂ ಕೈಗಳನ್ನು ತಲೆಯ ಮೇಲೆ ನೀಳವಾಗಿ ಚಾಚಿ ಮಣಿಕಟ್ಟಿನ ಬಳಿ ಅಡ್ಡ ಹಿಡಿಯಿರಿ.

ಕೈಯನ್ನು ಪೂರ್ತಿ ಚಾಚಿ, ಒಂದು ಕ್ಷಣ ಹಾಗೆಯೇ ಹಿಡಿದಿರಿ. ಅರ್ಧ ಎತ್ತಿದ ಕೈ ನಿಮಗೇ ಸಂಶಯವಿದೆ ಎಂದು ಎಲ್ಲರಿಗೂ ಹೇಳಿಬಿಡುತ್ತದೆ.

ಮತ್ತೆ ಪುಣಜನೂರಿನ ಬಯಲು

ನಿಯಮ ಓದಿದ ಸಂಜೆ ನಾನು ಬಯಲಿಗೆ ಸ್ವಲ್ಪ ಬೇಗ ಹೋದೆ. ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಆ ಗೋಲಿನ ನಿಯಮ ಓದಿ ಹೇಳಿದೆ. ಹೊಡೆದ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, 'ಅಂಗಾರ ಅವ್ಳು ಮೊದ್ಲು ಯೋಳಿದ್ದೇ ಸರಿ' ಎಂದ. ನಾನೂ ಒಪ್ಪಿಕೊಂಡೆ. 'ನಾನೂ ತಪ್ಪಾಗಿ ಕೂಗಿದೆ ಕೂಸು' ಎಂದು ಎಲ್ಲರ ಮುಂದೆ ಹೇಳಿದೆ. ಅರವತ್ತು ದಾಟಿದವನಿಗೆ ಅದು ಸುಲಭವಾಗಿರಲಿಲ್ಲ.

ಹುಡುಗಿ ಏನೂ ಮಾತಾಡಲಿಲ್ಲ. ಸೀಟಿಯನ್ನು ತೊಳೆದು ತಂದಿದ್ದೆ. ಅವಳು ತೆಗೆದುಕೊಳ್ಳಲಿಲ್ಲ. 'ಒಬ್ಳೇ ನಿಂತ್ಕಳಲ್ಲ' ಎಂದಳು.

ಅವಳು ಹೇಳಿದ್ದು ನಿಯಮದ ಪ್ರಕಾರವೂ ಸರಿಯೇ. ಹಾಕಿಗೆ ಇಬ್ಬರು ಬೇಕು. ಆದ್ದರಿಂದ ಇನ್ನೊಂದು ಅರ್ಧಕ್ಕೆ ನಾನು ನಿಂತೆ. ಮಂಡಿ ನೋವಿನಿಂದ ಓಡಲಾಗದೆ ಮೂರು ತಪ್ಪು ತೀರ್ಪು ಕೊಟ್ಟೆ. ಅವಳು ಒಂದು ಕೊಟ್ಟಳು. ಯಾರೂ ಕೂಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಕೂಗಿದರು. ಆದರೆ ಅವಳು ಈ ಸಲ ಕೈಯನ್ನು ಪೂರ್ತಿ ಚಾಚಿ ಹಾಗೆಯೇ ಹಿಡಿದಿದ್ದಳು, ಕೂಗು ನಿಲ್ಲುವವರೆಗೆ.

ಬೆಟ್ಟದ ಹಿಂದೆ ಹೊತ್ತು ಇಳಿಯಿತು. ಮಕ್ಕಳು ಕೋಲುಗಳನ್ನು ಹೆಗಲ ಮೇಲೆ ಹಾಕಿಕೊಂಡರು. ಅವಳು ಸೀಟಿಯನ್ನು ಹಿಂದಿರುಗಿಸಲು ಬಂದಳು. 'ನಿನ್ ತಾವೇ ಇರ್ಲಿ' ಎಂದೆ. ಅದನ್ನು ಕೊರಳಿಗೆ ಹಾಕಿಕೊಂಡು ಮನೆಯ ಕಡೆ ಓಡಿದಳು.